ನನ್ನ ಪಾಲಿನ ಇಪ್ಪತ್ತು ಕಿಲೋ

ನಾನು ಜರ್ಮನಿಗೆ ಹೋಗುವ ಸುದ್ದಿ ತಿಳಿದಾಗ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಕೆಜಿ ಬಿಡ್ತಾರಂತೆ?" ಎಂದು. ಯಾವ ಊರು, ಚಳಿ ಹೇಗೆ, ಅಲ್ಲಿ ಏನು ತಿನ್ನುತ್ತೀಯ ಎಂಬ ಪ್ರಶ್ನೆಗಳು ಆಮೇಲೆ ಬಂದವು. ಕೆಲವು ಬರಲೇ ಇಲ್ಲ.

"ಇಪ್ಪತ್ತಂತೆ ಅಮ್ಮ," ಅಂದೆ.

"ನಿಂದೇನಿರತ್ತೆ? ನಾಲ್ಕು ಸಲ್ವಾರು, ಒಂದು ಸ್ವೆಟರು. ಎಲ್ಲಾ ಸೇರಿ ಅರ್ಧ ಪೆಟ್ಟಿಗೇನೂ ಆಗಲ್ಲ," ಎಂದು ಅವರು ಅಲ್ಲೇ ಮನಸ್ಸಿನಲ್ಲಿ ಭಾಗ ಹಾಕಿದರು. ಆಸ್ತಿ ಪಾಲಿನಲ್ಲಿ ಸೊಸೆಗೆ ಎಷ್ಟು ಬರುತ್ತದೆಯೋ ಅಷ್ಟೇ ನನಗೆ ಬಂತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನ್ನ ಗಂಡನ ಕೆಲಸದಿಂದಾಗಿ ನಾವು ಮೈಸೂರು ಬಿಟ್ಟು ಚೆನ್ನೈಗೆ ಬಂದು, ವೇಲಚೇರಿಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗದ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಗಿಂಡಿಯ ಒಂದು ಕಂಪೆನಿಯಲ್ಲಿ ಕೆಲಸಕ್ಕಿದ್ದೆ. ಹೋಟೆಲುಗಳ ಅಡುಗೆಮನೆಗೆ ಬೇಕಾದ ಯಂತ್ರಗಳನ್ನು ಹೊರದೇಶದಿಂದ ತರಿಸಿ ಮಾರುವ ಕಂಪೆನಿ ಅದು. ಮದುವೆ ಗೊತ್ತಾಗುವ ತನಕ ಹುಡುಗಿ ಮನೆಯಲ್ಲಿ ಸುಮ್ಮನೆ ಕೂರದಿರಲಿ ಎಂದು ನಮ್ಮಪ್ಪ ಮೈಸೂರಿನಲ್ಲಿ ಒಂದು ಸಂಜೆ ತರಗತಿಗೆ ಸೇರಿಸಿದ್ದರು. ಹೊಲಿಗೆ ತರಗತಿ ತುಂಬಿಹೋಗಿತ್ತು. ಜರ್ಮನ್ ಭಾಷೆಯಲ್ಲಿ ಜಾಗವಿತ್ತು. ಗಿಂಡಿಯ ಸಾಹೇಬರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಆ ಜರ್ಮನ್ನಿಗಾಗಿ. ಹೊಲಿಗೆ ಕಲಿತಿದ್ದರೆ ಕಡೇಪಕ್ಷ ನನ್ನ ಕೋಟನ್ನಾದರೂ ಸರಿಯಾಗಿ ಹೊಲಿದುಕೊಳ್ಳುತ್ತಿದ್ದೆ.

ಆ ಚಳಿಗಾಲ ಜರ್ಮನಿಯಲ್ಲಿ ಹೋಟೆಲ್ ಯಂತ್ರಗಳ ಒಂದು ದೊಡ್ಡ ಮೇಳವಿತ್ತು. ನಮ್ಮ ಸಾಹೇಬರು ಅಲ್ಲಿಗೆ ಒಬ್ಬ ಗಿರಾಕಿಯನ್ನು ಕರೆದುಕೊಂಡು ಹೋಗಿ, ಹಿಟ್ಟು ರುಬ್ಬುವ ಒಂದು ಜರ್ಮನ್ ಯಂತ್ರವನ್ನು ತೋರಿಸಿ, ಅಲ್ಲೇ ಮಾರಿಬಿಡಬೇಕೆಂದು ಯೋಚಿಸಿದ್ದರು. ಗಿರಾಕಿ ಎಂದರೆ ಎಗ್ಮೋರ್ ನಿಲ್ದಾಣದ ಹತ್ತಿರ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದ ಒಬ್ಬರು. ಉಡುಪಿ ಕಡೆಯವರು, ನಗರದಲ್ಲಿ ಇನ್ನೂ ಎರಡು ಹೋಟೆಲುಗಳಿದ್ದವು. ನಾನು ಇವರಿಬ್ಬರಿಗೂ ಜರ್ಮನರಿಗೂ ನಡುವೆ ಭಾಷಾಂತರಕ್ಕೆ. ಹೀಗೆ ಹೊರಟವರು ಮೂವರು.

ಹೋಟೆಲಿನ ಯಜಮಾನರು ಅದಾಗಲೇ ಸಿಂಗಾಪುರ, ದುಬೈ ಮುಗಿಸಿದ್ದವರು. ವಿದೇಶ ಪ್ರಯಾಣದ ವಿಷಯದಲ್ಲಿ ತಮಗೆ ತಿಳಿಯದ್ದು ಏನೂ ಉಳಿದಿಲ್ಲ ಎಂಬ ನಂಬಿಕೆ ಅವರಿಗಿತ್ತು. ನನ್ನನ್ನು ಹೋಟೆಲಿಗೆ ಕರೆಸಿ, ಕ್ಯಾಶ್ ಕೌಂಟರಿನ ಪಕ್ಕದ ಮೇಜಿನಲ್ಲಿ ಕೂರಿಸಿ, ಕಾಫಿ ತರಿಸಿ, ಪಾಠ ಶುರು ಮಾಡಿದರು. ಮೇಜಿನ ಮೇಲೆ ಅವರ ಸಾಮಗ್ರಿಗಳೆಲ್ಲ ಪೂಜೆಗಿಟ್ಟಂತೆ ಸಾಲಾಗಿದ್ದವು: ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಳ್ಳುವ ಹಣದ ಚೀಲ, ಊದಿದರೆ ಉಬ್ಬುವ ಕುತ್ತಿಗೆಯ ದಿಂಬು, ಮಂಕಿ ಟೋಪಿ, ನೀರು ಕಾಯಿಸುವ ಕಾಯಿಲ್, ಯಾವ ದೇಶದ ಗೋಡೆಗೂ ಹೊಂದುವುದೆಂದು ಅಂಗಡಿಯವನು ಪ್ರಮಾಣ ಮಾಡಿದ ಒಂದು ಪ್ಲಗ್ಗು.

"ಕಾಣಿ ಮೇಡಂ, ಫಾರಿನ್ನಲ್ಲಿ ನಮ್ಮ ಜೀವ ಇರುವುದು ಈ ಚೀಲದಲ್ಲಿ," ಎಂದು ಹಣದ ಚೀಲವನ್ನು ತಟ್ಟಿದರು. "ಪಾಸ್‌ಪೋರ್ಟ್, ಡಾಲರ್ ಎಲ್ಲ ಇದರ ಒಳಗೆ. ಸ್ನಾನಕ್ಕೆ ಹೋಗುವಾಗಲೂ ತೆಗೀಲಿಕ್ಕಿಲ್ಲ."

"ನೆನೆಯುವುದಿಲ್ಲವೇ?" ಎಂದೆ.

"ಅದಕ್ಕೆ ಪ್ಲಾಸ್ಟಿಕ್ ಉಂಟಲ್ಲ ಮಾರಾಯ್ರೆ!"

ಊಟದ ವಿಷಯವನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿದರು. "ಟ್ರಾವೆಲ್ಸಿನವನಿಗೆ ನಾನೇ ಫೋನು ಮಾಡಿದ್ದೇನೆ. ನಮ್ಮ ಮೂವರಿಗೂ ಹಿಂದೂ ಊಟ ಅಂತ ಬರೆಸಿದ್ದೇನೆ. ವೆಜಿಟೇರಿಯನ್ ಅಂತ ಬರೆಸಿದರೆ ಅವರು ಹಸಿ ಸೊಪ್ಪು ಕೊಡ್ತಾರೆ, ದನಕ್ಕೆ ಹಾಕಿದ ಹಾಗೆ. ಹಿಂದೂ ಅಂದರೆ ಅನ್ನ ಸಾರು ಗ್ಯಾರಂಟಿ."

ನಾನು ನನ್ನ ತಯಾರಿ ಮಾಡಿಕೊಂಡೆ. ತ್ಯಾಗರಾಯನಗರದಲ್ಲಿ ಚಕ್ರವಿರುವ ಒಂದು ನೀಲಿ ಪೆಟ್ಟಿಗೆ ಕೊಂಡೆ. ನನ್ನ ಬದುಕಿನಲ್ಲಿ ನನಗೆಂದೇ ಕೊಂಡ ಮೊದಲ ಪೆಟ್ಟಿಗೆ ಅದು. ಅಲ್ಲಿಯವರೆಗೆ ಮದುವೆಯಲ್ಲಿ ಕೊಟ್ಟ ಸೂಟ್‌ಕೇಸಿನ ಮೂಲೆಯಲ್ಲಿ ನನ್ನ ಬಟ್ಟೆ ಇರುತ್ತಿತ್ತು. ಇನ್ನು ಚಳಿಯ ಉಡುಪು. ಚೆನ್ನೈಯಲ್ಲಿ ಸ್ವೆಟರ್ ಕೇಳುವುದೆಂದರೆ ಮರಳುಗಾಡಿನಲ್ಲಿ ದೋಣಿ ಕೇಳಿದ ಹಾಗೆ. ಆದರೆ ಡಿಸೆಂಬರಿನಲ್ಲಿ ಎಗ್ಮೋರ್ ಕಡೆಯ ಒಂದು ರಸ್ತೆಬದಿಯಲ್ಲಿ ಟಿಬೆಟಿನವರು ಸ್ವೆಟರು ಮಾರುತ್ತಾ ಕೂರುತ್ತಿದ್ದರು, ಎದುರಿಗೆ ಬೆವರು ಒರೆಸಿಕೊಳ್ಳುತ್ತಾ ಜನ ಚೌಕಾಸಿ ಮಾಡುತ್ತಿದ್ದರು. ಅಲ್ಲಿ ಒಂದು ಉದ್ದನೆಯ ಕೋಟು ಸಿಕ್ಕಿತು. ತೋಳು ಮಾತ್ರ ಬೆರಳ ತುದಿ ದಾಟುತ್ತಿತ್ತು. ದಪ್ಪ ಅಟ್ಟೆಯ, ಒಳಗೆ ತುಪ್ಪಳದಂಥದ್ದು ಅಂಟಿಸಿದ ಒಂದು ಜೊತೆ ಶೂ ಕೊಂಡೆ. ಮನೆಗೆ ತಂದು ಹಾಕಿಕೊಂಡು ನಡೆದಾಗ ಕೆಳಗಿನ ಮನೆಯವರು ಮೇಲೆ ಬಂದು, ಏನಾದರೂ ಬಿತ್ತೇ ಎಂದು ಕೇಳಿದರು.

ಭಾನುವಾರ ಪೆಟ್ಟಿಗೆ ಕಟ್ಟುವ ಕಾರ್ಯಕ್ರಮ. ನಮ್ಮತ್ತೆಯ ತಂಗಿಯ ಮಗಳು ಜರ್ಮನಿಯಲ್ಲೇ, ಮೇಳ ನಡೆಯುವ ಊರಿನ ಪಕ್ಕದಲ್ಲಿದ್ದಳು. ಅವಳಿಗಾಗಿ ಮೈಸೂರಿನಿಂದ ಬಸ್ಸಿನಲ್ಲಿ ಗಂಟುಗಳು ಬಂದಿದ್ದವು. ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳ, ಒಂದು ರೇಷ್ಮೆ ಸೀರೆ. ಅವೆಲ್ಲವನ್ನೂ ನನ್ನ ಹೊಸ ಪೆಟ್ಟಿಗೆಯಲ್ಲಿ ಜೋಡಿಸಿ ಮುಗಿಸಿದ ಮೇಲೆ ನಮ್ಮತ್ತೆ ಒಳಗಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಹೊತ್ತು ತಂದರು.

"ಇದೇನಮ್ಮ?" ಎಂದು ನನ್ನ ಗಂಡ ಕೇಳಿದರು.

"ಶ್ಯಾವಿಗೆ ಒರಳು. ನಮ್ಮಮ್ಮಂದು. ಪಾಪ, ಆ ಮಗು ಆ ದೇಶಕ್ಕೆ ಹೋದಾಗಿಂದ ಒಂದು ಶ್ಯಾವಿಗೆ ತಿಂದಿಲ್ಲ."

ಅದು ಅಪ್ಪಟ ಹಿತ್ತಾಳೆಯದು. ಮೇಲೆ ತಿರುಪಿನ ಹಿಡಿ, ಕೆಳಗೆ ತೂತಿನ ಬಿಲ್ಲೆ. ಕಳ್ಳನ ತಲೆಗೆ ಒಂದು ಸಲ ಹಾಕಿದರೆ ಪೊಲೀಸರಿಗೆ ಕೆಲಸವಿರುವುದಿಲ್ಲ. ನನ್ನ ಗಂಡ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಆಮೇಲೆ ಟ್ಯಾಂಕರ್ ನೀರು ಬಂತೇನೋ ನೋಡುತ್ತೇನೆಂದು ಕೆಳಗೆ ಹೋದರು. ನನ್ನ ಗಂಡ ಒಳ್ಳೆಯವರು. ಮನೆಯಲ್ಲಿ ಜಗಳದ ಸೂಚನೆ ಕಂಡಾಗಲೆಲ್ಲ ವೇಲಚೇರಿಯ ನೀರಿನ ಸಮಸ್ಯೆಯ ಬಗ್ಗೆ ಅವರಿಗೆ ತುಂಬ ಕಳಕಳಿ ಹುಟ್ಟುತ್ತಿತ್ತು.

ಅಲ್ಲಿಯೇ ಕೂತು ನೋಡುತ್ತಿದ್ದ ನನ್ನ ಮಗಳು, ಆಗ ಎರಡನೇ ತರಗತಿ, ತಮಿಳಿನಲ್ಲಿ ಕೇಳಿದಳು: "ಅಮ್ಮಾ, ಉನ್ ಡ್ರೆಸ್ಸೆಲ್ಲಾಂ ಎಂಗೆ?" ನಿನ್ನ ಬಟ್ಟೆಯೆಲ್ಲ ಎಲ್ಲಿ ಎಂದು. ಅಜ್ಜಿಗೆ ತಮಿಳು ಅರ್ಥವಾಗುತ್ತಿರಲಿಲ್ಲ, ಅಥವಾ ಬೇಕಾದಾಗ ಅರ್ಥವಾಗುತ್ತಿರಲಿಲ್ಲ.

ಮೀನಂಬಾಕ್ಕಂ ವಿಮಾನ ನಿಲ್ದಾಣಕ್ಕೆ ಹೊರಟದ್ದು ಬೆಳಿಗ್ಗೆ. ಕೊಲ್ಲಿಯ ಒಂದು ಊರಿನಲ್ಲಿ ಇಳಿದು, ಅಲ್ಲಿಂದ ಬೇರೆ ವಿಮಾನ ಹತ್ತಬೇಕಿತ್ತು. ಹೋಟೆಲಿನ ಯಜಮಾನರನ್ನು ಬೀಳ್ಕೊಡಲು ಅವರ ಮನೆಯವರೂ ಹೋಟೆಲಿನವರೂ ಸೇರಿ ಒಂದು ವ್ಯಾನಿನ ತುಂಬ ಬಂದಿದ್ದರು. ಯಜಮಾನರು ಕೊರಳಲ್ಲಿ ಸೇವಂತಿಗೆ ಹಾರ, ಮೈಮೇಲೆ ಉಣ್ಣೆಯ ಕೋಟು, ಅದರೊಳಗೆ ಎರಡು ಸ್ವೆಟರು, ಕಂಕುಳಲ್ಲಿ ಊದಿ ಸಿದ್ಧ ಮಾಡಿದ ಕುತ್ತಿಗೆಯ ದಿಂಬು. ಮುಖದಿಂದ ಬೆವರು ಹಾರದ ಮೇಲೆ ತೊಟ್ಟಿಕ್ಕುತ್ತಿತ್ತು.

"ತೂಕ ಉಳಿಸ್ಲಿಕ್ಕೆ ಇದೇ ದಾರಿ ಮೇಡಂ," ಎಂದು ಪಿಸುಗುಟ್ಟಿದರು. "ಮೈಮೇಲೆ ಹಾಕಿದ್ದನ್ನು ಯಾರೂ ತೂಗುವುದಿಲ್ಲ."

ಒಳಗೆ ಹೋದ ಮೇಲೆ, ಸರದಿಯಲ್ಲಿ ನಿಲ್ಲುವ ಮೊದಲು, ಅವರು ತಮ್ಮ ಕೈಚೀಲದಿಂದ ಎರಡು ಗಂಟು ತೆಗೆದರು. ಒಂದರಲ್ಲಿ ದೋಸೆ ಅಕ್ಕಿ, ಇನ್ನೊಂದರಲ್ಲಿ ಉದ್ದಿನ ಬೇಳೆ. ಜರ್ಮನ್ ಯಂತ್ರವನ್ನು ನಂಬುವ ಮೊದಲು ನಮ್ಮ ಅಕ್ಕಿ, ನಮ್ಮ ಉದ್ದು ಹಾಕಿ ರುಬ್ಬಿಸಿ ನೋಡಬೇಕು ಎಂಬುದು ಅವರ ಷರತ್ತು. ಅದು ನ್ಯಾಯವೇ. ಆದರೆ ಅವರು ಆ ಗಂಟುಗಳನ್ನು ನೇರವಾಗಿ ನನ್ನ ಪೆಟ್ಟಿಗೆಯ ಮೇಲೆ ಇಟ್ಟರು.

"ನಂದು ಫುಲ್ ಆಯ್ತು ಮಾರಾಯ್ರೆ. ನೀವು ಹೆಂಗಸರು, ನಿಮ್ಮದು ಕಡಿಮೆ ಇರ್ತದಲ್ಲ."

ಸಾಹೇಬರು ತಲೆಯಾಡಿಸಿದರು. "ಕೊಂಜಂ ಅಡ್ಜಸ್ಟ್ ಪಣ್ಣಿಕ್ಕೋಮ್ಮಾ," ಎಂದರು. ಸ್ವಲ್ಪ ಹೊಂದಿಸಿಕೋ ಎಂದು. ಗಿಂಡಿಯ ಆಫೀಸಿನಲ್ಲಿ ಈ ಮಾತನ್ನು ದಿನವೂ ಕೇಳುತ್ತಿದ್ದೆ. ಸಂಬಳ ತಡವಾದಾಗ, ಕುರ್ಚಿ ಮುರಿದಾಗ, ಹೆಂಗಸರ ಶೌಚಾಲಯದ ಬೀಗ ಕೆಟ್ಟಾಗ. ಅದು ಬೆಂಚಿನ ಮೇಲೆ ಸ್ವಲ್ಪ ಜರುಗಿ ಕೂರುವ ಮಾತಲ್ಲ. ಎದ್ದು ನಿಲ್ಲುವ ಮಾತು.

ಕೌಂಟರಿನಲ್ಲಿ ನನ್ನ ಪೆಟ್ಟಿಗೆಯನ್ನು ಇಟ್ಟಾಗ ಅಂಕಿಗಳು ಇಪ್ಪತ್ತನ್ನು ದಾಟಿ ಸರಸರನೆ ಮೇಲೇರಿದವು. ಕೌಂಟರಿನ ಹುಡುಗಿ ನಗುನಗುತ್ತಲೇ, ತೆಗೆಯಿರಿ ಎಂದಳು. ಪೆಟ್ಟಿಗೆಯನ್ನು ಅಲ್ಲೇ ನೆಲದ ಮೇಲೆ ಬಿಚ್ಚಿದೆ. ಹಿಂದಿದ್ದ ಸರದಿಯೆಲ್ಲ ಬಗ್ಗಿ ನೋಡಿತು. ಮೇಲುಗಡೆಯೇ ಹುಳಿಪುಡಿಯ ಪೊಟ್ಟಣ, ಅದರ ಪಕ್ಕದಲ್ಲಿ ನನ್ನ ಒಳಬಟ್ಟೆ. ಸಾಹೇಬರೂ ಯಜಮಾನರೂ ನನ್ನ ಎರಡು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಪಂಚಾಯಿತಿ ಆರಂಭಿಸಿದರು.

"ಅದು ಎಂತದ್ದು?" ಯಜಮಾನರು ಒರಳನ್ನು ಮುಟ್ಟಿದರು.

"ನಮ್ಮತ್ತೆಯವರದು. ತೆಗೆದುಬಿಡೋಣ," ಎಂದೆ ಆಸೆಯಿಂದ.

"ಛೆ ಛೆ, ಹಿರಿಯರು ಕೊಟ್ಟದ್ದು. ಶಾಪ ತಟ್ಟೀತು."

"ಹಾಗಿದ್ದರೆ ಅಕ್ಕಿ?"

"ಅಕ್ಕಿ ತೆಗೆದರೆ ಹೋಗುವುದು ಎಂತಕ್ಕೆ ಮೇಡಂ?"

ಸಾಹೇಬರ ಕೈ ನನ್ನ ಶೂಗಳ ಮೇಲೆ ಬಿತ್ತು. ಎತ್ತಿ ತೂಗಿ ನೋಡಿದರು. ಅವರ ಮುಖ ಅರಳಿತು. ಶೂ ಅಲ್ಲೂ ಸಿಗುತ್ತದೆ, ಉದ್ದು ಅಲ್ಲಿ ಸಿಗುತ್ತದೆಯೇ ಎಂದು ತಮಿಳಿನಲ್ಲಿ ಕೇಳಿದರು. ಯಜಮಾನರು, "ಅದು ಪಾಯಿಂಟ್," ಎಂದರು. ಕೋಟನ್ನು ಮೈಮೇಲೆ ಹಾಕಿಕೊಂಡರೆ ಇನ್ನಷ್ಟು ಇಳಿಯುತ್ತದೆ ಎಂದೂ ತೀರ್ಮಾನವಾಯಿತು. ಹಿಂದಿನವರು ಗೊಣಗತೊಡಗಿದರು. ನಾನು ಕೋಟು ಹಾಕಿಕೊಂಡು, ಶೂಗಳನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಿನ ಆಚೆ ಗಾಜಿಗೆ ಮೂಗು ಒತ್ತಿ ನಿಂತಿದ್ದ ನನ್ನ ಗಂಡನ ಹತ್ತಿರ ಹೋಗಿ ಕೊಟ್ಟೆ. ಕಾವಲಿನವನು ಒಳಗಿನಿಂದ ಹೊರಗೆ ಚಪ್ಪಲಿ ದಾನ ಮಾಡುವ ಪ್ರಯಾಣಿಕರನ್ನು ಹಿಂದೆ ಕಂಡಿರಲಾರ.

"ಯಾಕೆ?" ಎಂದರು ನನ್ನ ಗಂಡ.

"ಶ್ಯಾವಿಗೆಗೆ," ಎಂದೆ. ತಿರುಗಿ ನೋಡದೆ ಬಂದೆ. ಕಣ್ಣಲ್ಲಿ ನೀರು ಬಂದಿತ್ತು. ಆ ಕೋಟಿನೊಳಗೆ ಬೆವರಿನ ಲೆಕ್ಕದಲ್ಲಿ ಅದೂ ಹೋಯಿತು.

ಭದ್ರತಾ ತಪಾಸಣೆಯಲ್ಲಿ ನನ್ನ ನೈಲ್ ಕಟರ್ ಹೋಯಿತು. ಯಜಮಾನರ ಕುತ್ತಿಗೆಯ ದಿಂಬಿನ ಗಾಳಿ ಬಿಡಿಸಿ ನೋಡಿದರು. ಹೊಟ್ಟೆಯ ಚೀಲವನ್ನು ತೋರಿಸಲು ಅವರು ಕೋಟು, ಸ್ವೆಟರು, ಇನ್ನೊಂದು ಸ್ವೆಟರು, ಅಂಗಿ ಎಲ್ಲವನ್ನೂ ಎತ್ತಬೇಕಾಯಿತು. ಲೋಕದ ಕಣ್ಣಿಗೆ ಬೀಳದಿರಲೆಂದು ಕಟ್ಟಿಕೊಂಡ ಚೀಲವನ್ನು ಆ ಬೆಳಿಗ್ಗೆ ಚೆನ್ನೈ ವಿಮಾನ ನಿಲ್ದಾಣದ ಒಂದು ಸಾಲು ಪೂರ್ತಿ ನೋಡಿತು.

ವಿಮಾನ ಮೇಲೇರಿದ ಮೇಲೆ ಊಟ ಬಂತು. ಯಜಮಾನರ ಹೆಸರು ಕೂಗಿ, ಎಲ್ಲರಿಗಿಂತ ಮೊದಲು ನಮಗೇ ತಂದಿಟ್ಟರು. ಅವರು ಅಕ್ಕಪಕ್ಕದವರನ್ನು ಒಮ್ಮೆ ನೋಡಿ, ಬೆಳ್ಳಿ ಕಾಗದ ಬಿಚ್ಚಿ, ಒಳಗಿದ್ದ ಸಾರಿನಂಥದ್ದನ್ನು ಒಂದು ಚಮಚ ಅನ್ನದ ಮೇಲೆ ಹಾಕಿಕೊಂಡು ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದರು. ಗಗನಸಖಿಯನ್ನು ಕರೆದು ಇದೇನೆಂದು ಕೇಳಲು ನನಗೆ ಹೇಳಿದರು. ಕೇಳಿದೆ.

"ಕುರಿ ಮಾಂಸ," ಎಂದಳು ಆಕೆ ಇಂಗ್ಲಿಷಿನಲ್ಲಿ. "ನೀವು ಹಿಂದೂ ಊಟ ಕೇಳಿದ್ದೀರಿ. ದನ, ಹಂದಿ ಇರುವುದಿಲ್ಲ. ಸಸ್ಯಾಹಾರ ಬೇಕಿದ್ದರೆ ಬೇರೆ ಹೇಳಬೇಕಿತ್ತು."

ಮೂರು ತಲೆಮಾರು ಸಸ್ಯಾಹಾರಿ ಹೋಟೆಲು ನಡೆಸಿದ ಮನೆತನದವರು ಚಮಚವನ್ನು ಕೆಳಗಿಟ್ಟ ರೀತಿ ನೋಡಬೇಕಿತ್ತು. ಸಾಹೇಬರು ಮಾತ್ರ ತಮ್ಮದನ್ನು ಆಗಲೇ ಅರ್ಧ ಮುಗಿಸಿದ್ದರು. ಅವರು ಮನೆಯಲ್ಲಿ ತಿನ್ನುತ್ತಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು; ವಿಮಾನವು ಮನೆಯಲ್ಲ ಎಂದು ಅವರಿಗೆ ಗೊತ್ತಿತ್ತು. ಯಜಮಾನರೂ ನಾನೂ ಬನ್ನು ಬೆಣ್ಣೆ ತಿಂದೆವು. ಜರ್ಮನಿ ಬರುವ ತನಕ ಯಜಮಾನರು ಪಾಠ ಮಾಡಲಿಲ್ಲ.

ಜರ್ಮನಿಯಲ್ಲಿ ಇಳಿದಾಗ ಕಸ್ಟಮ್ಸಿನ ಒಬ್ಬ ಎತ್ತರದ ಅಧಿಕಾರಿ ನನ್ನ ನೀಲಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದ. ಎಕ್ಸ್‌ರೇಯಲ್ಲಿ ಕಂಡ ಕೊಳವೆಯಾಕಾರದ ಲೋಹದ ವಸ್ತು ಏನೆಂದು ಕೇಳಿದ. ಆ ವರ್ಷಗಳಲ್ಲಿ ವಿಮಾನ ನಿಲ್ದಾಣಗಳಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಯಜಮಾನರೂ ಸಾಹೇಬರೂ ನನ್ನನ್ನು ಎಂದೂ ಕಂಡಿಲ್ಲದವರ ಹಾಗೆ ದೂರದ ಕಂಬವೊಂದರ ಮರೆಗೆ ಸರಿದರು. ಇಷ್ಟು ವರ್ಷ ಕಲಿತ ನನ್ನ ಜರ್ಮನ್, ಜರ್ಮನ್ ನೆಲದಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಒರಳಿನ ವಿವರಣೆಗೆ. ಬೇಯಿಸಿದ ಹಿಟ್ಟಿನ ಉಂಡೆಯನ್ನು ಇದರೊಳಗೆ ಹಾಕುತ್ತಾರೆ, ಹಿಡಿ ತಿರುಗಿಸುತ್ತಾರೆ, ಕೆಳಗಿನಿಂದ ಎಳೆಗಳು ಇಳಿಯುತ್ತವೆ ಎಂದು ಕೈಯಾಡಿಸಿ ತೋರಿಸಿದೆ.

ಅವನು ಒರಳನ್ನು ಎತ್ತಿ, ಹಿಡಿ ತಿರುಗಿಸಿ, ತೂತುಗಳ ಮೂಲಕ ದೀಪ ನೋಡಿದ. ಮುಖ ಸಡಿಲವಾಯಿತು. "ನಮ್ಮಜ್ಜಿಯ ಹತ್ತಿರವೂ ಇಂಥದೊಂದಿದೆ. ಹಿಟ್ಟಿನ ಎಳೆ ಒತ್ತಲು ನಮ್ಮ ಕಡೆ ಎಲ್ಲ ಅಡುಗೆಮನೆಯಲ್ಲೂ ಇರುತ್ತದೆ. ಇದನ್ನು ಭಾರತದಿಂದ ಯಾಕೆ ಹೊತ್ತು ತಂದಿರಿ?" ಎಂದು ಕೇಳಿದ.

ನಾನು ಒರಳನ್ನು ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.

ಹೊರಗೆ ಹಿಮ ಬಿದ್ದಿತ್ತು. ಯಂತ್ರದ ಕಂಪೆನಿಯಿಂದ ನಮ್ಮನ್ನು ಕರೆದೊಯ್ಯಲು ಬಂದಿದ್ದ ಮಹಿಳೆ ಸಾಹೇಬರ ಕೈ ಕುಲುಕಿದಳು, ಯಜಮಾನರ ಕೈ ಕುಲುಕಿದಳು, ನನ್ನ ಕಾಲು ನೋಡಿದಳು. ವಿಮಾನದಲ್ಲಿ ಕೊಟ್ಟ ತೆಳುವಾದ ಕಾಲುಚೀಲದ ಮೇಲೆ ಬಾರಿನ ಚಪ್ಪಲಿ. ಆಮೇಲೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ನಮ್ಮ ದೇಶದ ಬಡತನದ ಬಗ್ಗೆ ಅವಳು ಓದಿದ್ದೆಲ್ಲ ಇತ್ತು. ಕಾರಿನವರೆಗೆ ನಡೆಯುವಷ್ಟರಲ್ಲಿ ನನ್ನ ಬೆರಳುಗಳು ನನ್ನವಲ್ಲದಾದವು. ಮರುದಿನ ಬೆಳಿಗ್ಗೆ ಹೋಟೆಲಿನ ಎದುರಿನ ಅಂಗಡಿಯಲ್ಲಿ ನನ್ನ ಕೈಯಿಂದಲೇ ಹಣ ಕೊಟ್ಟು ಚರ್ಮದ ಬೂಟು ಕೊಂಡೆ. ಪ್ರಯಾಣದ ಖರ್ಚಿಗೆ ಬೂಟು ಸೇರುವುದಿಲ್ಲ ಎಂದು ಸಾಹೇಬರು ಬಹಳ ವಿಷಾದದಿಂದ ಹೇಳಿದರು. ಅವರ ಸಂಜೆಯ ಬಿಯರು ಸೇರುತ್ತಿತ್ತು.

ಯಜಮಾನರು ಅಕ್ಕಿಯನ್ನೂ ಉದ್ದನ್ನೂ ತಮ್ಮ ಕೋಣೆಯ ಕಸದ ಬುಟ್ಟಿ ತೊಳೆದು ಅದರಲ್ಲಿ ನೆನೆಹಾಕಿದ್ದರು. ಮೇಳದ ಮಳಿಗೆಯಲ್ಲಿ ಬಿಳಿ ಕೋಟು ತೊಟ್ಟ ಜರ್ಮನ್ ಎಂಜಿನಿಯರ್ ಅದನ್ನು ಯಂತ್ರಕ್ಕೆ ಸುರಿದು ಗುಂಡಿ ಒತ್ತಿದ. ಯಂತ್ರ ಒಮ್ಮೆ ಕಿರುಚಿ ನಿಂತಿತು. ಮುಚ್ಚಳ ತೆಗೆದರೆ ಬೆಣ್ಣೆಯಂಥ ಹಿಟ್ಟು. ಎಂಜಿನಿಯರ್ ಹೆಮ್ಮೆಯಿಂದ ಕೈ ಕಟ್ಟಿಕೊಂಡ. ಯಜಮಾನರು ಬೆರಳು ಅದ್ದಿ, ತಕ್ಷಣ ಹಿಂದಕ್ಕೆಳೆದುಕೊಂಡರು.

"ಬಿಸಿ! ಇದು ಹಿಟ್ಟಲ್ಲ ಮೇಡಂ, ಹೆಣ. ಇನ್ನು ಇದು ಹುಳಿ ಬಂದು ಏಳುವುದುಂಟಾ? ಸತ್ತೇ ಹೋಯ್ತು. ಹೇಳಿ ಅವನಿಗೆ."

ಸಾಹೇಬರು ನನ್ನ ಮೊಣಕೈ ತಿವಿದರು. ನಾನು ಎಂಜಿನಿಯರನಿಗೆ, ಉಷ್ಣತೆಯ ಬಗ್ಗೆ ಇವರಿಗೆ ಸ್ವಲ್ಪ ಕುತೂಹಲವಿದೆ ಎಂದೆ. ಅವನು ಉದ್ದಕ್ಕೆ ಏನೇನೋ ವಿವರಿಸಿ, ಕೊನೆಗೆ, ಇದು ಅಂತರರಾಷ್ಟ್ರೀಯ ಗುಣಮಟ್ಟದ ಯಂತ್ರ, ಹಿಟ್ಟಿಗೆ ಏನೂ ಆಗುವುದಿಲ್ಲ ಎಂದ.

"ಎಂತ ಹೇಳಿದ?"

"ಏಳುತ್ತದಂತೆ."

"ಅವನಜ್ಜಿ ದೋಸೆ ಹೊಯ್ದಿದ್ದಾಳಾ?"

ಅದನ್ನು ನಾನು ಭಾಷಾಂತರಿಸಲಿಲ್ಲ. ಸಾಹೇಬರು ನಕ್ಕರು, ಎಂಜಿನಿಯರನೂ ನಕ್ಕ, ಎಲ್ಲರಿಗೂ ಕಾಫಿ ಬಂತು. ಹಿಟ್ಟನ್ನು ಮಾತ್ರ ಯಜಮಾನರು ಬಿಡಲಿಲ್ಲ. ಅದು ಸತ್ತಿದೆ ಎಂಬುದಕ್ಕೆ ಸಾಕ್ಷಿ ಬೇಕೆಂದು ಒಂದು ದೊಡ್ಡ ಡಬ್ಬಿಯಲ್ಲಿ ಹೋಟೆಲಿಗೆ ತಂದು, ಉಪ್ಪು ಹಾಕಿ, ಕೋಣೆಯ ಹೀಟರಿನ ಮೇಲೆ ಇಟ್ಟು ಮಲಗಿದರು.

ಬೆಳಿಗ್ಗೆ ನಾನು ಉಪಾಹಾರಕ್ಕೆ ಇಳಿಯುವಷ್ಟರಲ್ಲಿ ಹೋಟೆಲಿನ ಮ್ಯಾನೇಜರ್ ಹೆಂಗಸು ನನ್ನನ್ನು ತಡೆದು ಯಜಮಾನರ ಕೋಣೆಗೆ ಕರೆದೊಯ್ದಳು. ಹೆಣ ಎದ್ದಿತ್ತು. ಎದ್ದು ಡಬ್ಬಿಯ ಮುಚ್ಚಳವನ್ನು ತಳ್ಳಿ, ಹೀಟರಿನ ಮೇಲಿಂದ ಇಳಿದು, ಬೂದು ಬಣ್ಣದ ನೆಲಹಾಸಿನ ಮೇಲೆ ಹಾಸಿಗೆಯ ಕಡೆಗೆ ಸಾಕಷ್ಟು ದೂರ ನಡೆದಿತ್ತು. ಕೋಣೆಯಲ್ಲಿ ನಮ್ಮ ಊರಿನ ಬೆಳಗಿನ ಅಡುಗೆಮನೆಯ ಹುಳಿ ವಾಸನೆ. ನನಗೆ ಹಸಿವಾಯಿತು. ಮ್ಯಾನೇಜರ್ ಮೂಗಿಗೆ ಕರವಸ್ತ್ರ ಹಿಡಿದು, ಈ ಮಹನೀಯರಿಗೆ ರಾತ್ರಿ ಹೊಟ್ಟೆ ಕೆಟ್ಟಿತ್ತೇ, ವೈದ್ಯರನ್ನು ಕರೆಸಲೇ ಎಂದು ಕೇಳಿದಳು.

ಯಜಮಾನರು ಬನಿಯನ್ನಿನಲ್ಲಿ, ಹೊಟ್ಟೆಯ ಚೀಲ ಕಾಣುವಂತೆ, ಮಂಚದ ಮೇಲೆ ಕಾಲು ಎತ್ತಿಕೊಂಡು ಕೂತಿದ್ದರು. "ಎಂತ ಹೇಳ್ತಾಳೆ?" ಎಂದರು.

ಈ ಸಲ ಒಂದಕ್ಷರ ಬಿಡದೆ ಭಾಷಾಂತರಿಸಿದೆ.

ಅದೇ ಸಂಜೆ ನಮ್ಮತ್ತೆಯ ತಂಗಿಯ ಮಗಳು ಗಂಟು ತೆಗೆದುಕೊಂಡು ಹೋಗಲು ನನ್ನ ಕೋಣೆಗೆ ಬಂದಳು. ಚೆಲುವಾದ ಹುಡುಗಿ, ತುಂಬ ಪ್ರೀತಿಯಿಂದ ಮಾತಾಡಿಸಿದಳು. ಪುಡಿಗಳನ್ನು ಮೂಸಿ ಸಂತೋಷಪಟ್ಟಳು. ಒರಳಿನ ಸೀರೆ ಬಿಚ್ಚಿದಾಗ ಕೈ ನಿಂತಿತು.

"ಅಯ್ಯೋ ಅತ್ತಿಗೆ, ಇದನ್ನ ಯಾಕೆ ತಂದ್ರಿ? ಇದನ್ನೆಲ್ಲ ಯಾರು ಒತ್ತುತ್ತಾರೆ? ಇಲ್ಲೇ ಏಷ್ಯಾದವರ ಅಂಗಡಿ ಇದೆ, ಅಕ್ಕಿ ಶ್ಯಾವಿಗೆ ಪ್ಯಾಕೆಟ್ಟೇ ಸಿಗತ್ತೆ. ಬಿಸಿನೀರಲ್ಲಿ ಹಾಕಿದ್ರೆ ಆಯ್ತು."

"ಉದ್ದಿನ ಬೇಳೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಓ, ಅದೂ ಸಿಗತ್ತೆ. ಬೇಕಿತ್ತಾ?"

ನಾನು ಮಂಚದ ಮೇಲೆ ಕೂತೆ. ಅವಳು ತನ್ನ ಚೀಲದಿಂದ ಒಂದು ದೊಡ್ಡ ಪೊಟ್ಟಣ ತೆಗೆದಳು. "ಅಮ್ಮನಿಗೆ ಸ್ವಲ್ಪ ಸಾಮಾನು. ಒಂದು ಇಸ್ತ್ರಿಪೆಟ್ಟಿಗೆ, ಎರಡು ಬಾಣಲೆ, ಸ್ವಲ್ಪ ಚಾಕಲೇಟು. ಒರಳನ್ನೂ ಹಾಗೇ ವಾಪಸ್ ತಗೊಂಡು ಹೋಗಿಬಿಡಿ ಅತ್ತಿಗೆ, ಇಲ್ಲಿ ಇಡಕ್ಕೆ ಜಾಗ ಇಲ್ಲ. ನಿಮ್ಮ ಪೆಟ್ಟಿಗೆ ಈಗ ಖಾಲಿ ಆಯ್ತಲ್ಲ."

ಪೆಟ್ಟಿಗೆ ನಿಜವಾಗಿಯೂ ಖಾಲಿಯಾಗಿ, ಬಾಯಿ ತೆರೆದುಕೊಂಡು ನಮ್ಮಿಬ್ಬರ ನಡುವೆ ಬಿದ್ದಿತ್ತು. ಅದರ ತಳದಲ್ಲಿ ಹುಳಿಪುಡಿಯ ಕೆಂಪು ಗೆರೆಯೊಂದು ಉಳಿದಿತ್ತು.

"ಜಾಗ ಇಲ್ಲ," ಎಂದೆ.

ಅವಳು ಪೆಟ್ಟಿಗೆ ನೋಡಿದಳು, ನನ್ನನ್ನು ನೋಡಿದಳು. "ಖಾಲಿ ಇದೆಯಲ್ಲ ಅತ್ತಿಗೆ?"

"ಖಾಲಿ ಇದೆ. ಜಾಗ ಇಲ್ಲ."

ನನ್ನ ಧ್ವನಿ ಎತ್ತರವಾಗಲಿಲ್ಲ, ನಡುಗಲೂ ಇಲ್ಲ. ನನಗೇ ಆಶ್ಚರ್ಯವಾಯಿತು. ಅವಳು ಪೊಟ್ಟಣವನ್ನು ಮತ್ತೆ ಚೀಲಕ್ಕೆ ತುರುಕಿ, ಒರಳನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಹೊರಡುವ ದಿನ ಸಾಹೇಬರು ಬಂದರು. ಕೈಯಲ್ಲಿ ಚಾಕುಗಳ ಒಂದು ಮರದ ಪೆಟ್ಟಿಗೆ, ಮಗನಿಗೆ ರಿಮೋಟ್ ಕಾರು. ಹಿಂದಿನಿಂದ ಯಜಮಾನರು, ಗಡಿಯಾರದೊಳಗಿಂದ ಹಕ್ಕಿ ಕೂಗುವ ಒಂದು ಗೋಡೆ ಗಡಿಯಾರ ಹಿಡಿದು. ಅಷ್ಟರಲ್ಲಿ ನನಗೆ ಅಭ್ಯಾಸವಾಗಿತ್ತು. ಇಬ್ಬರಿಗೂ ಒಟ್ಟಿಗೇ ಹೇಳಿದೆ. ಸಾಹೇಬರು ತಮ್ಮ ಮಾಮೂಲು ಮಾತನ್ನು ಆರಂಭಿಸಿ, ನನ್ನ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದರು. ಯಜಮಾನರು ಗಡಿಯಾರವನ್ನು ಕೈಯಲ್ಲೇ ಹೊತ್ತರು. ವಿಮಾನ ಒಮ್ಮೆ ಜೋರಾಗಿ ಕುಲುಕಿದಾಗ ತಲೆಯ ಮೇಲಿನ ಅಲಮಾರಿಯೊಳಗಿಂದ ಹಕ್ಕಿ ಕೂಗಿತು; ಪಕ್ಕದ ಸಾಲಿನ ಮುದುಕಿ ದೇವರ ನಾಮ ಹೇಳತೊಡಗಿದಳು.

ಚೆನ್ನೈಯಲ್ಲಿ ನನ್ನ ಪೆಟ್ಟಿಗೆ ಬೆಲ್ಟಿನ ಮೇಲೆ ಗಾಳಿಪಟದ ಹಾಗೆ ಹಗುರವಾಗಿ ಬಂತು. ಒಂದೇ ಕೈಯಲ್ಲಿ ಎತ್ತಿಕೊಂಡೆ. ಕಸ್ಟಮ್ಸಿನವನೊಬ್ಬ ಅದನ್ನು ನೋಡಿಯೇ ತಡೆದ. ತೆರೆಸಿದ. ನಾಲ್ಕು ಸಲ್ವಾರು, ಒಂದು ಸ್ವೆಟರು, ಮಗಳಿಗೆ ಒಂದು ಬಣ್ಣದ ಪೆನ್ಸಿಲ್ ಡಬ್ಬಿ.

"ವೇರೆ ಒಣ್ಣುಮೇ ಇಲ್ಲಿಯಾಮ್ಮಾ?" ಎಂದ. ಬೇರೆ ಏನೂ ಇಲ್ಲವೇ ಎಂದು.

ಇಲ್ಲ ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ಪೆಟ್ಟಿಗೆಯ ಅಂಚು ತಟ್ಟಿದ, ಅಸ್ತರಿಯ ಕೆಳಗೆ ಬೆರಳು ಹಾಕಿದ, ಕಾಲಿನಲ್ಲಿದ್ದ ಬೂಟು ಬಿಚ್ಚಿಸಿ ಅಟ್ಟೆ ಬಗ್ಗಿಸಿದ. ಫಾರಿನ್ನಿಂದ ಹೆಂಗಸೊಬ್ಬಳು ಖಾಲಿ ಪೆಟ್ಟಿಗೆ ತರುತ್ತಾಳೆಂದರೆ ಏನೋ ದೊಡ್ಡ ವ್ಯವಹಾರವೇ ಇರಬೇಕು. ಅವನು ಹುಡುಕುತ್ತಿದ್ದಾಗ ಸಾಹೇಬರು ಟ್ರಾಲಿ ತಳ್ಳಿಕೊಂಡು, ಯಜಮಾನರು ಹಕ್ಕಿಯನ್ನು ಹೊತ್ತುಕೊಂಡು, ನನ್ನ ಬೆನ್ನ ಹಿಂದಿನಿಂದ ಆರಾಮವಾಗಿ ಹೊರಗೆ ಹೋದರು.

ಮನೆಯಲ್ಲಿ ನನಗಿಂತ ಮೊದಲು ಸುದ್ದಿ ಮುಟ್ಟಿತ್ತು. ನಮ್ಮತ್ತೆ ಬಾಗಿಲು ತೆಗೆದು, ಪೆಟ್ಟಿಗೆಯನ್ನು ತಾವೇ ಎತ್ತಿ ನೋಡಿ, "ಇಷ್ಟೇನಾ?" ಎಂದರು.

"ಇಷ್ಟೇ."

"ಇಸ್ತ್ರಿಪೆಟ್ಟಿಗೆಗೂ ಜಾಗ ಇರಲಿಲ್ವಂತೆ."

"ಇರಲಿಲ್ಲ ಅಮ್ಮ."

ನನ್ನ ಗಂಡ ನೀರಿನ ಟ್ಯಾಂಕರ್ ನೋಡಲು ಚಪ್ಪಲಿ ಮೆಟ್ಟಿಕೊಂಡರು. "ಕೂತ್ಕೊಳ್ಳಿ," ಎಂದೆ. ಕೂತರು. ನಮ್ಮತ್ತೆ ಹಲವು ವಾರ ನನ್ನೊಂದಿಗೆ ಮೊಮ್ಮಗಳ ಮೂಲಕ ಮಾತಾಡಿದರು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ಮಗು ತಮಿಳಿನಲ್ಲಿ ನನಗೆ ಮುಟ್ಟಿಸುತ್ತಿತ್ತು. ನಮ್ಮ ಮನೆಯಲ್ಲಿ ಭಾಷಾಂತರಕಾರರು ಇಬ್ಬರಾದೆವು.

ಎಗ್ಮೋರಿನ ಯಜಮಾನರು ಕೊನೆಗೂ ಆ ಯಂತ್ರವನ್ನು ಕೊಂಡರು. ಹಿಟ್ಟಿಗಲ್ಲ, ಚಟ್ನಿಗೆ. ಮುಂದಿನ ವರ್ಷದ ಮೇಳಕ್ಕೆ ಸಾಹೇಬರು ನನ್ನ ಬದಲು ತಮ್ಮ ಬಾವಮೈದುನನನ್ನು ಕರೆದೊಯ್ದರು. ಅವನಿಗೆ ಜರ್ಮನ್ ಭಾಷೆಯ ಒಂದು ಶಬ್ದವೂ ಬರುತ್ತಿರಲಿಲ್ಲ. ಒಳ್ಳೆಯ ಮೈಕಟ್ಟು, ಎರಡು ಪೆ‌ಟ್ಟಿಗೆಯನ್ನು ಲೀಲಾಜಾಲವಾಗಿ ಎತ್ತುತ್ತಿದ್ದ. ಅಲ್ಲಿಂದ ಬಂದ ಪತ್ರಗಳೆಲ್ಲ ಮಾತ್ರ ನನ್ನ ಮೇಜಿಗೇ ಬರುತ್ತಿದ್ದವು. ಆ ಮಳೆಗಾಲ ಮುಗಿಯುವ ಮೊದಲೇ ನಾನು ಬೇರೆ ಕೆಲಸ ಹುಡುಕಿಕೊಂಡೆ. ರಾಜೀನಾಮೆ ಕೊಟ್ಟಾಗ ಸಾಹೇಬರು, ನನ್ನ ಕೆಲಸದಲ್ಲಿ ಏನೂ ದೋಷವಿರಲಿಲ್ಲ, ಸ್ವಭಾವ ಮಾತ್ರ ಕೊಂಚ ಗಡಸು ಎಂದರು. ಹೊಸ ಕಂಪೆನಿಯಲ್ಲಿ ಮೊದಲ ಪ್ರವಾಸ ಕೊಯಮತ್ತೂರಿಗೆ, ಹಗಲಿನ ರೈಲಿನಲ್ಲಿ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಕಾಟ್ಪಾಡಿ ದಾಟುವ ಹೊತ್ತಿಗೆ ಬಿಸಿ ವಡೆ ಬಂತು, ಎರಡು ತೆಗೆದುಕೊಂಡೆ.